ಹೆಟ್ಟಿಯ ಗಿಣ್ಣು ಹಾಲು

ಆಗಸ್ಟ್ 8, ಮಂಗಳವಾರ

ಮತ್ತೆ ಫೇಲು. ಕಾಲೇಜಿನವರು ಫೇಲು ಎಂದು ಬರೆಯುವುದಿಲ್ಲ, ಅಷ್ಟರ ಮಟ್ಟಿಗೆ ಸಭ್ಯರು. ‘ಇನ್ನೂ ಸಮರ್ಥಳಾಗಿಲ್ಲ’ ಎಂದು ಬರೆಯುತ್ತಾರೆ. ನಲವತ್ತೊಂಬತ್ತಕ್ಕೂ ಸಮರ್ಥಳಾಗದವಳು ಇನ್ನು ಯಾವಾಗ ಆಗುತ್ತೇನೋ. ಬ್ಯಾಂಡೇಜು, ಸೂಜಿ, ಅರಿವಳಿಕೆ, ಹುಳದ ಔಷಧ ಎಲ್ಲದರಲ್ಲೂ ಪಾಸಾಗಿದ್ದೇನೆ. ಪ್ರಾಣಿಗಳ ಆನುವಂಶಿಕತೆ ಎನ್ನುವ ಈ ಒಂದು ಪಾಠದಲ್ಲಿ ಮಾತ್ರ ಎರಡನೇ ಸಲ ಮುಗ್ಗರಿಸಿದೆ. ಇನ್ನೊಂದೇ ಅವಕಾಶ ಉಳಿದಿರುವುದು. ಅದೂ ಹೋದರೆ ಪಶು ನರ್ಸು ಎಂಬ ಸರ್ಟಿಫಿಕೇಟೂ ಇಲ್ಲ, ಕ್ಲಿನಿಕ್‌ನ ಕೆಲಸವೂ ಇಲ್ಲ.

ಒಂದು ಚೌಕ, ಅದರಲ್ಲಿ ನಾಲ್ಕು ಮನೆ. ಮೇಲೆ ತಾಯಿಯ ಎರಡು ಅಕ್ಷರ, ಪಕ್ಕದಲ್ಲಿ ತಂದೆಯ ಎರಡು ಅಕ್ಷರ, ಒಳಗೆ ಮಕ್ಕಳು. ಟ್ಯೂಟರ್ ಡಾರ್ಸಿ ಹೇಳುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಕಂಪ್ಯೂಟರ್ ಮುಚ್ಚಿದ ಕೂಡಲೇ ನನ್ನ ತಲೆಯೂ ಮುಚ್ಚಿಕೊಳ್ಳುತ್ತದೆ.

“ಇಪ್ಪತ್ತೆರಡು ವರ್ಷ ಯಾವ ಹಸೂಗೆ ಯಾವ ಹೋರಿ ಅಂತ ಆರಿಸಿದ್ದು ನೀನೇ ತಾನೆ?” ಎಂದ ನನ್ನ ಗಂಡ ಕ್ಲೈವ್. “ಅದೇ ಇದು. ಅಕ್ಷರ ಸೇರ್ಸಿದಾರೆ ಅಷ್ಟೆ.” ಅವನ ಬೆನ್ನು ಕೈಕೊಟ್ಟ ಮೇಲೆ ಹಸುಗಳನ್ನೆಲ್ಲ ಮಾರಿಬಿಟ್ಟೆವು. ಅವನು ಈಗ ಕುರ್ಚಿಯಲ್ಲಿ ಕೂತು ಇಂಥ ಬುದ್ಧಿವಾದ ಹೇಳುವುದರಲ್ಲಿ ಪಳಗಿದ್ದಾನೆ.

ನಾಲ್ಕನೇ ಕ್ಲಾಸಿನಲ್ಲಿ ಮಿಸೆಸ್ ಪ್ಯಾಸ್ಕೋ ಇಡೀ ತರಗತಿಯ ಎದುರು “ನೀನು ದನ ಕಾಯೋಕೇ ಲಾಯಕ್ಕು” ಎಂದಿದ್ದರು. ಕಾಯ್ದೆನಲ್ಲ! ಈಗ ಅದೇ ಮಿಸೆಸ್ ಪ್ಯಾಸ್ಕೋ, ಎಪ್ಪತ್ತೊಂಬತ್ತು ವರ್ಷ, ತಮ್ಮ ಬೂದು ಬಣ್ಣದ ಗುಂಡುಮುಖದ ಬೆಕ್ಕುಗಳನ್ನು ನಮ್ಮ ಕ್ಲಿನಿಕ್‌ಗೆ ತರುತ್ತಾರೆ. ಬುಟ್ಟಿ ಕೊಡುವಾಗಲೂ ನನ್ನ ಉಗುರು ಸ್ವಚ್ಛವಾಗಿದೆಯೇ ಎಂದು ನೋಡುತ್ತಾರೆ.

ಆಗಸ್ಟ್ 13, ಭಾನುವಾರ

ಹೆಟ್ಟಿ ಹೆತ್ತಳು! ಐದು ಮರಿ!

ಮಿಸೆಸ್ ಪ್ಯಾಸ್ಕೋ ಸೊಂಟದ ಮೂಳೆ ಮುರಿದುಕೊಂಡು ಟ್ರರಾಲ್ಗನ್ ಆಸ್ಪತ್ರೆ ಸೇರಿದ್ದಾರೆ. ದಿನ ತುಂಬಿದ ತಮ್ಮ ಬೆಕ್ಕು ಹೆಟ್ಟಿಯನ್ನು ನಮ್ಮಲ್ಲಿಗೆ ಕಳಿಸಿದ್ದರು. ಇವತ್ತು ರಜಾದಿನ, ಡ್ಯೂಟಿಯಲ್ಲಿ ನಾನೊಬ್ಬಳೇ. ಡಾಕ್ಟರ್ ಲಿಯೆನ್ ಯಾರದೋ ಕೊಟ್ಟಿಗೆಯಲ್ಲಿ ಹಸುವಿನೊಳಗೆ ಭುಜದವರೆಗೆ ಕೈ ಹಾಕಿಕೊಂಡು, ಫೋನಿನಲ್ಲಿ “ನಿಮಗೆ ಗೊತ್ತಿರೋದೇ ಬ್ರಾನ್, ಗಾಬರಿಯಾಗ್ಬೇಡಿ” ಎಂದು ಕೂಗಿದಳು. ಹುಡುಗಿಗೆ ಇಪ್ಪತ್ತೊಂಬತ್ತು. ಹಸುಗಳ ವಿಷಯದಲ್ಲಿ ಅವಳನ್ನು ಮೀರಿಸುವವರಿಲ್ಲ, ಬೆಕ್ಕುಗಳೆಂದರೆ ಅವಳೂ ಸ್ವಲ್ಪ ಅಳುಕುತ್ತಾಳೆ.

ನಾನು ಗಾಬರಿಯಾಗಲಿಲ್ಲ. ಹುಟ್ಟಿದ ಜೀವಕ್ಕೆ ಮೊದಲು ಬೇಕಾದದ್ದು ಗಿಣ್ಣು. ನಮ್ಮಪ್ಪ ಇದನ್ನು ನನಗೆ ಪ್ರಾರ್ಥನೆಗಿಂತ ಮೊದಲು ಕಲಿಸಿದ್ದ. ಗಿಣ್ಣು ಹೊಟ್ಟೆಗೆ ಬೀಳದೆ ನನ್ನ ಕೈಯಲ್ಲಿ ಹೋದ ಕರು ಒಂದೂ ಇಲ್ಲ. ಮರಿಗಳನ್ನು ಒರೆಸಿ ಒರೆಸಿ ಹೆಟ್ಟಿಯ ಮೊಲೆಗೆ ಹಿಡಿದೆ. ಬಾಯಿ ಬಿಟ್ಟವನ್ನು ಮತ್ತೆ ಹಿಡಿದೆ. ಅರ್ಧ ಗಂಟೆಗೊಮ್ಮೆ ಇದೇ ಕೆಲಸ, ಊಟವನ್ನೂ ಮಾಡಲಿಲ್ಲ. ಸಂಜೆಗೆ ನಾಲ್ಕು ಮರಿಗಳ ಹೊಟ್ಟೆ ಗುಂಡಗಾಗಿತ್ತು.

ಐದನೆಯದು ಮೊಂಡ. ಎಷ್ಟು ಹಿಡಿದರೂ ಮುಖ ತಿರುಗಿಸಿದ, ಒಂದು ಗುಟುಕೂ ಎಳೆಯಲಿಲ್ಲ. ಸೋತು, ಮರಿಗಳ ಪುಡಿ ಹಾಲು ಕಲಸಿ ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಟ್ಟೆ. ಅವನೊಬ್ಬ ಉಳಿಯುವುದು ಅನುಮಾನ. ಉಳಿದ ನಾಲ್ಕಕ್ಕೆ ಏನೂ ಚಿಂತೆಯಿಲ್ಲ.

ಆಗಸ್ಟ್ 14, ಸೋಮವಾರ

ಎಲ್ಲಕ್ಕಿಂತ ದಪ್ಪಗಿದ್ದ ಹೆಣ್ಣುಮರಿ ಬೆಳಿಗ್ಗೆ ಹಾಲು ಬಿಟ್ಟಿತು, ಮಧ್ಯಾಹ್ನ ಹೋಯಿತು. ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸುವಾಗ ಹತ್ತಿ ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೆರಡು ಮಂಕಾಗಿವೆ. ಶಕ್ತಿ ಬರಲೆಂದು ಅವನ್ನು ಇನ್ನೂ ಹೆಚ್ಚು ಹೊತ್ತು ಮೊಲೆಗೆ ಹಿಡಿದೆ. ಲಿಯೆನ್ ಸೋಂಕು ಇರಬಹುದೆಂದು ಔಷಧ ಶುರು ಮಾಡಿದಳು.

ಆಗಸ್ಟ್ 15, ಮಂಗಳವಾರ

ಎರಡೂ ಹೋದವು. ಸಂಜೆಯ ಕ್ಲಾಸಿಗೆ ಕೂರಲಿಲ್ಲ.

ಆಗಸ್ಟ್ 16, ಬುಧವಾರ

ನಾಲ್ಕನೆಯದೂ. ಮೊಂಡನೊಬ್ಬ ಇದ್ದಾನೆ. ಇವತ್ತು ತಾನಾಗಿಯೇ ತೆವಳಿ ಹೋಗಿ ಹೆಟ್ಟಿಯ ಹಾಲು ಕುಡಿದ. ಯಾಕೆ ಎಂದು ಕೇಳಲು ನನಗೆ ಶಕ್ತಿಯಿಲ್ಲ.

ಆಗಸ್ಟ್ 19, ಶನಿವಾರ

ಮಿಸೆಸ್ ಪ್ಯಾಸ್ಕೋ ಅವರಿಗೆ ಫೋನ್ ಮಾಡಿದೆ. ಲಿಯೆನ್ ತಾನೇ ಮಾಡುತ್ತೇನೆಂದಳು, ನಾನು ಬಿಡಲಿಲ್ಲ.

“ಮರಿ ಹುಟ್ಟಿದಾಗ ಯಾರಿದ್ರು?”

“ನಾನೇ, ಮಿಸೆಸ್ ಪ್ಯಾಸ್ಕೋ.”

“ಬ್ರಾನ್ವಿನ್ ಡೇಲಿ?” ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಅವರಿಗೆ ನಾನಿನ್ನೂ ಡೇಲಿಯೇ. “ಅವತ್ತೂ ನೀನು ಮುಟ್ಟಿದ್ದೆಲ್ಲ ಒಡೀತಿತ್ತು. ನಿನ್ನ ಕೈಗುಣಾನೇ ಸರಿ ಇಲ್ಲ. ಇನ್ಮೇಲೆ ನನ್ನ ಬೆಕ್ಕಿನ ತಂಟೆಗೆ ಬರ್ಬೇಡ.”

ಫೋನಿಟ್ಟ ಮೇಲೆ ನನ್ನ ಕೈಗಳನ್ನೇ ನೋಡುತ್ತಾ ಕೂತೆ. ಸರಿಯಾಗಿ ತೊಳೆದಿರಲಿಲ್ಲವೇ? ಬಿಸಿನೀರಿನ ಚೀಲ ತುಂಬ ಸುಡುತ್ತಿತ್ತೇ? ನೆಲ ಒರೆಸಿದ ಔಷಧವೇನಾದರೂ ತಾಗಿತೇ? ಮಧ್ಯಾಹ್ನ ಒಂದು ನಾಯಿಯನ್ನು ಹೆರಿಗೆಗೆ ತಂದರು. ನಾನು ಹಿಂದಿನ ಕೋಣೆಗೆ ಹೋಗಿ, ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ.

ಆಗಸ್ಟ್ 28, ಸೋಮವಾರ

ಸತ್ತ ಮರಿಗಳನ್ನು ಕಳಿಸಿದ್ದ ಲ್ಯಾಬಿನಿಂದ ವರದಿ ಬಂತು. ಸೋಂಕಿಲ್ಲ, ವಿಷವಿಲ್ಲ, ಹೊಟ್ಟೆ ತುಂಬ ಹಾಲಿದೆ. ಕ್ಲಿನಿಕ್‌ನಲ್ಲಿ ರೋಗ ಹರಡಿಲ್ಲವೆಂದು ಲಿಯೆನ್‌ಗೆ ಹೋದ ಜೀವ ಬಂದ ಹಾಗಾಯಿತು. ನನಗೂ ಸ್ವಲ್ಪ ಸಮಾಧಾನ. ಕೈ ಕೊಳಕಾಗಿರಲಿಲ್ಲವಲ್ಲ, ಅಷ್ಟಾದರೂ ಆಯಿತು.

ಹೆಟ್ಟಿಯೂ ಮೊಂಡನೂ ಮನೆಗೆ ಹೋಗಿ ನಾಲ್ಕು ದಿನವಾಯಿತು. ಮಿಸೆಸ್ ಪ್ಯಾಸ್ಕೋ ಅವರ ಮನೆಗೆಲಸಕ್ಕೆ ಬರುವ ಫೇ ಬಂದು ಬುಟ್ಟಿ ಒಯ್ದಳು. ಮೊಂಡ ಮುಷ್ಟಿಯಷ್ಟಾಗಿದ್ದಾನೆ.

ಸೆಪ್ಟೆಂಬರ್ 5, ಮಂಗಳವಾರ

ಅಕ್ಷರ ಕಾಗೆ ಕಾಲಿನಂತಿದೆ. ಇರಲಿ, ನಾನು ತಾನೆ ಓದುವುದು.

ಮೂರು ವಾರದ ಮೇಲೆ ಕ್ಲಾಸಿಗೆ ಕೂತೆ. ಡಾರ್ಸಿ ಎಂದಿನಂತೆ ಬಟಾಣಿ ಗಿಡ, ಕೋಡಿಲ್ಲದ ಹಸು ಎಂದೆಲ್ಲ ಹೇಳಿ, ಕೊನೆಗೆ “ಇನ್ನೊಂದು ಉದಾಹರಣೆ, ಬೆಕ್ಕುಗಳ ರಕ್ತದ ಗುಂಪು” ಎಂದ. ‘ಎ’ ಪ್ರಬಲ, ‘ಬಿ’ ಅಡಗಿಕೊಳ್ಳುವಂಥದ್ದು. ಒಂದೇ ಒಂದು ‘ಎ’ ಇದ್ದರೂ ಬೆಕ್ಕು ‘ಎ’ ಆಗಿಯೇ ಕಾಣುತ್ತದೆ. ಎರಡೂ ಕಡೆಯಿಂದ ‘ಬಿ’ ಬಂದರೆ ಮಾತ್ರ ‘ಬಿ’. ಅಲ್ಲಿಯವರೆಗೆ ನಾನು ಆಕಳಿಸುತ್ತಲೇ ಇದ್ದೆ.

“‘ಬಿ’ ಗುಂಪಿನ ತಾಯಿಯ ರಕ್ತದಲ್ಲಿ ‘ಎ’ ರಕ್ತವನ್ನ ಕೊಲ್ಲೋ ಪ್ರತಿಕಾಯ ಹುಟ್ಟಿನಿಂದಲೇ ಇರುತ್ತೆ,” ಎಂದ ಡಾರ್ಸಿ. “ಅದು ಗಿಣ್ಣಲ್ಲಿ ಇಳಿಯುತ್ತೆ. ಮರಿ ‘ಎ’ ಆಗಿದ್ರೆ, ಮೊದಲನೇ ದಿನ ಆ ಗಿಣ್ಣು ಕುಡಿದ್ರೆ, ಮರಿಯ ರಕ್ತದ ಕಣಗಳು ಒಡೆದುಹೋಗುತ್ವೆ. ಉಚ್ಚೆ ಕೆಂಪಾಗುತ್ತೆ. ಒಂದು ದಿನ ಕಳೆದ್ರೆ ಪ್ರತಿಕಾಯ ಒಳಗೆ ಹೋಗದ ಹಾಗೆ ಮರಿಯ ಕರುಳು ಬಾಗಿಲು ಹಾಕ್ಕೊಳ್ಳುತ್ತೆ. ಆಮೇಲೆ ಅದೇ ಹಾಲು ಕುಡಿದ್ರೂ ಏನೂ ಆಗಲ್ಲ.”

ನಾನು ಎದ್ದು ನಿಂತದ್ದು ಕ್ಯಾಮೆರಾದಲ್ಲಿ ಕಾಣಿಸಿತಂತೆ. “ಏನಾಯ್ತು ಬ್ರಾನ್ವಿನ್?” ಎಂದ ಡಾರ್ಸಿ. ಕುಡಿದ ನಾಲ್ಕು ಸತ್ತವು, ಕುಡಿಯದ ಮೊಂಡ ಉಳಿದ. ನನ್ನಿಂದ ಕುಡಿಸಲು ಆಗದೇ ಹೋದದ್ದು ಒಂದೇ ಒಂದು, ಉಳಿದದ್ದೂ ಅದೇ.

ಹಾಗಾದರೆ ಕೊಂದವಳು ನಾನೇ. ಅರ್ಧ ಗಂಟೆಗೊಮ್ಮೆ, ಊಟ ಬಿಟ್ಟು, ಶ್ರದ್ಧೆಯಿಂದ ಕೊಂದೆ.

ಸೆಪ್ಟೆಂಬರ್ 8, ಶುಕ್ರವಾರ

ಹೆಟ್ಟಿ ಮತ್ತು ಮೊಂಡ ತಪಾಸಣೆಗೆ ಬಂದಿದ್ದರು. ಡಾರ್ಸಿಯ ಪಾಠದ ವಿಷಯ ನಾನು ಹೇಳಿದ್ದೇ ತಡ, ಲಿಯೆನ್ ಮೊನ್ನೆಯೇ ರಕ್ತದ ಗುಂಪು ನೋಡುವ ಕಾರ್ಡು ತರಿಸಿಟ್ಟಿದ್ದಳು. ಕಾರ್ಡಿನ ಮೇಲೆ ಒಂದು ಹನಿ ರಕ್ತ, ಎರಡು ನಿಮಿಷ. ಹೆಟ್ಟಿ ‘ಬಿ’. ಮೊಂಡ ‘ಎ’.

ಲಿಯೆನ್ ಸ್ಟೂಲಿನ ಮೇಲೆ ಕೂತುಬಿಟ್ಟಳು. “ಇದು ನಾನು ನೋಡ್ಬೇಕಾಗಿದ್ದಿದ್ದು ಬ್ರಾನ್. ಈ ಜಾತಿ ಬೆಕ್ಕಲ್ಲಿ ‘ಬಿ’ ಜಾಸ್ತಿ ಅಂತ ಓದಿದ್ದೆ, ಪರೀಕ್ಷೆ ಮುಗಿದ ಕೂಡ್ಲೇ ಮರ್ತುಬಿಟ್ಟೆ. ನಿಮ್ಮದೇನೂ ತಪ್ಪಿಲ್ಲ.”

“ಬಾಯಿಗೆ ಹಿಡಿದಿದ್ದು ನನ್ನ ಕೈ,” ಎಂದೆ.

“ನಾನಿದ್ದಿದ್ರೂ ಹಿಡೀತಿದ್ದೆ.”

ಅಷ್ಟು ಹೇಳಿದ್ದಕ್ಕೆ ಅವಳಿಗೆ ಪುಣ್ಯ ಬರಲಿ. ಆದರೆ ಕಥೆ ಮುಗಿದಿಲ್ಲ. ಹೋಗುವಾಗ ಫೇ ಪಿಸುಗುಟ್ಟಿದಳು: “ಅಮ್ಮಾವ್ರಿಗೆ ಹೇಳ್ಬೇಡಿ. ನಾನು ಬಟ್ಟೆ ಒಣಗಿ ಹಾಕೋಕೆ ಬಾಗಿಲು ತೆಗೆದಿದ್ದೆ. ಬರ್ಟಿ ತನ್ನ ಗೂಡಿಂದ ತಪ್ಪಿಸ್ಕೊಂಡು ಒಳಗೆ ನುಗ್ಬಿಟ್ಟ. ಬುಧವಾರಾನೂ, ನಿನ್ನೇನೂ.” ಬರ್ಟಿ ಅವರ ಗಂಡು ಬೆಕ್ಕು, ಮೊಂಡನ ಅಪ್ಪ. ಮೊಂಡ ಇನ್ನೂ ಹಾಲು ಬಿಟ್ಟಿಲ್ಲ, ಆಗಲೇ ಹೆಟ್ಟಿಗೆ ಇನ್ನೊಂದು ಬಸಿರು!

ಬೆಕ್ಕಿನ ಬಸಿರಿಗೆ ಅರವತ್ತಮೂರು ದಿನ, ನಿನ್ನೆಯಿಂದ ಎಣಿಸಿದೆ. ನವೆಂಬರ್ ಒಂಬತ್ತು.

ಸೆಪ್ಟೆಂಬರ್ 17, ಭಾನುವಾರ

ಮೀನಿಯಾನ್ ಊರಿನ ಮಿಸೆಸ್ ಪ್ಯಾಸ್ಕೋ ಮನೆಗೆ ಹೋಗಿದ್ದೆ. ಅವರ ಗೇಟಿನ ಮುಂದಿನ ಮರದಲ್ಲಿ ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿದೆ, ಹತ್ತಿರ ಬಂದವರನ್ನೆಲ್ಲ ಕುಕ್ಕುತ್ತದೆ. ತಲೆಗೆ ಎರಡು ಸಲ ಕುಕ್ಕಿಸಿಕೊಂಡೇ ವರಾಂಡ ಹತ್ತಿದೆ. ಮಿಸೆಸ್ ಪ್ಯಾಸ್ಕೋ ಊರುಗೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತರು, ಒಳಗೆ ಕರೆಯಲಿಲ್ಲ. ಬರ್ಟಿ ತಪ್ಪಿಸಿಕೊಂಡದ್ದೂ ಸೇರಿ, ಫೇ ಹೆಸರೆತ್ತದೆ, ನಿಂತಲ್ಲೇ ಎಲ್ಲ ಹೇಳಿದೆ. ನವೆಂಬರಿನಲ್ಲಿ ಮರಿ ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಬೇಕು, ಒಂದು ದಿನ ಹೆಟ್ಟಿಯ ಹಾಲು ಕೊಡಬಾರದು ಎಂದೆ.

“ಗಿಣ್ಣು ಕೊಡ್ಬಾರ್ದು?” ಎಂದರು. “ದನದ ಕೊಟ್ಟಿಗೇಲಿ ಹುಟ್ಟಿ ಬೆಳೆದೋಳು ನನಗೆ ಬಂದು ಇದನ್ನ ಹೇಳ್ತೀಯಾ?”

“ಕರು ಬೇರೆ, ಬೆಕ್ಕು ಬೇರೆ, ಮಿಸೆಸ್ ಪ್ಯಾಸ್ಕೋ.”

“ನಲವತ್ತು ವರ್ಷದಿಂದ ಬೆಕ್ಕು ಸಾಕ್ತಿದ್ದೀನಿ. ತಾಯಿ ಹಾಲು ವಿಷ ಅಂತೆ! ನಿನ್ನ ಕೈತಪ್ಪನ್ನ ಮುಚ್ಚೋಕೆ ಈಗ ಹೆಟ್ಟಿ ಮೇಲೆ ಗೂಬೆ ಕೂರಿಸ್ತಿದ್ದೀಯ.”

ಅಲ್ಲಿಗೆ ನನ್ನ ಸಹನೆ ಮುಗಿಯಿತು. ಚೀಲದಲ್ಲಿದ್ದ ಹಾಳೆಯಲ್ಲಿ ಚೌಕ ಬರೆದೆ. ಮೇಲೆ ಹೆಟ್ಟಿಯ ಎರಡು ‘ಬಿ’, ಪಕ್ಕದಲ್ಲಿ ಬರ್ಟಿಯ ಅಕ್ಷರಗಳು. ಬರ್ಟಿಯದು ಎರಡೂ ‘ಎ’ ಆಗಿದ್ದರೆ ಹೀಗೆ, ಒಂದು ‘ಬಿ’ ಅಡಗಿದ್ದರೆ ಹಾಗೆ ಎಂದು ಎರಡು ಚೌಕ. “ನಂಬೋದಾದ್ರೆ ನಂಬಿ, ಇಲ್ಲಾಂದ್ರೆ ಇದರಲ್ಲಿ ತಪ್ಪೆಲ್ಲಿದೆ ತೋರಿಸಿ,” ಎಂದು ಹೂಕುಂಡದ ಕೆಳಗೆ ಸಿಕ್ಕಿಸಿ ಬಂದೆ. ಹಿಂತಿರುಗಿ ಬರುವಾಗ ಆ ಹಕ್ಕಿ ಮೂರನೇ ಸಲ ಕುಕ್ಕಿತು. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಖುಷಿಯಾಗಿರಬೇಕು.

ಸೆಪ್ಟೆಂಬರ್ 30, ಶನಿವಾರ

ಟಿವಿಯಲ್ಲಿ ಫುಟ್ಬಾಲ್ ಗ್ರ್ಯಾಂಡ್ ಫೈನಲ್. ಕ್ಲೈವ್‌ನ ತಮ್ಮ ಬಂದಿದ್ದ. ಅರ್ಧ ಆಟದ ವಿರಾಮದಲ್ಲಿ, ಅವನ ಕಪ್ಪು ಹಸುವಿಗೆ ಕೆಂಪು ಕರು ಹುಟ್ಟಿದೆಯೆಂದೂ ಪಕ್ಕದ ಮನೆಯವನ ಹೋರಿ ಬೇಲಿ ಹಾರಿರಬೇಕೆಂದೂ ರೇಗುತ್ತಿದ್ದ. ಹಾರಬೇಕಾಗಿಲ್ಲ, ಹಸು, ಹೋರಿ ಎರಡರಲ್ಲೂ ಕೆಂಪು ಅಡಗಿದ್ದರೆ ನಾಲ್ಕರಲ್ಲಿ ಒಂದು ಕೆಂಪು ಬರುತ್ತದೆ ಎಂದೆ. ನಂಬಲಿಲ್ಲ. ತಟ್ಟೆಯಲ್ಲಿದ್ದ ಸಾಸೇಜ್ ರೋಲುಗಳನ್ನು ಸಾಸ್ ಹಚ್ಚಿದ್ದು, ಹಚ್ಚದ್ದು ಎಂದು ಜೋಡಿಸಿ ತೋರಿಸಿದೆ. ಮೂರನೇ ಭಾಗದ ಆಟ ಶುರುವಾದದ್ದೇ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಇಬ್ಬರೂ ಸೇರಿ ನನ್ನ ಉದಾಹರಣೆಗಳನ್ನು ತಿಂದರು.

ನಮ್ಮ ತಂಡ ಈ ವರ್ಷ ಫೈನಲ್ ಸೇರಲೇ ಇಲ್ಲ, ಆ ಕಥೆ ಬೇಡ.

ಅಕ್ಟೋಬರ್ 10, ಮಂಗಳವಾರ

ಮಿಸೆಸ್ ಪ್ಯಾಸ್ಕೋ ಅವರಿಂದ ಸುದ್ದಿಯಿಲ್ಲ. ಇನ್ನು ಮೂವತ್ತು ದಿನ. ಅವರು ಬೇರೆ ಡಾಕ್ಟರ ಹತ್ತಿರ ಹೋಗಲಿ, ನನ್ನ ಮೇಲೆ ಸಿಟ್ಟಿರಲಿ, ಮರಿಗಳು ಉಳಿದರೆ ಸಾಕು. ಲಿಯೆನ್ ಎರಡು ಸಲ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಕಾಗದ ಬರೆದು ಹಾಕಿದೆವು.

ಇವತ್ತು ಒಂದು ಹೆಣ್ಣು ನಾಯಿಗೆ ಸಿಸೇರಿಯನ್. ಏಳು ಮರಿ. ಕೊನೆಯದು ಉಸಿರಾಡುತ್ತಿರಲಿಲ್ಲ, ಟವೆಲಿನಲ್ಲಿ ಹಾಕಿ ಉಜ್ಜಿದೆ, ಕಿರುಚಿತು. ಸಂಜೆ ಮೂರನೇ ಸಲದ ಪರೀಕ್ಷೆಯಿತ್ತು, ನಾಯಿಯ ಗಡಿಬಿಡಿಯಲ್ಲಿ ಹತ್ತು ನಿಮಿಷ ತಡವಾಗಿ ಕೂತೆ. ಸುಲಭವಿತ್ತು. ಈ ಸಲ ಪ್ರಶ್ನೆಪತ್ರಿಕೆಯನ್ನು ಸಡಿಲ ಮಾಡಿದ್ದಾರೆಂದು ಕಾಣುತ್ತದೆ.

ಅಕ್ಟೋಬರ್ 22, ಭಾನುವಾರ

ಬೆಳಿಗ್ಗೆ ಫೋನ್. ನಮಸ್ಕಾರವಿಲ್ಲ, ಏನಿಲ್ಲ. “ನಿನ್ನ ಎರಡನೇ ಚೌಕ. ಬರ್ಟೀಲಿ ‘ಬಿ’ ಅಡಗಿದ್ರೆ ಅರ್ಧ ಮರಿ ‘ಬಿ’ ಆಗ್ತವೆ. ಅವಕ್ಕೆ ಹೆಟ್ಟಿ ಹಾಲು ಕುಡಿದ್ರೂ ಏನಾಗಲ್ಲ. ಸರೀನಾ?”

“ಸರಿ, ಮಿಸೆಸ್ ಪ್ಯಾಸ್ಕೋ.”

“ಹಾಗಾದ್ರೆ ಎಲ್ಲಾನೂ ಉಪವಾಸ ಯಾಕೆ ಕೆಡವ್ಬೇಕು? ಬಾ ಇಲ್ಲಿ.”

ಹೋದೆ. ಅಡುಗೆಮನೆಯ ಮೇಜಿನ ತುಂಬ ಹಾಳೆಗಳು, ಎಲ್ಲದರ ಮೇಲೂ ಅಡಿಪಟ್ಟಿ ಹಿಡಿದು ಎಳೆದ ಚೌಕಗಳು. ಐದು ವಾರ ಕೂತು ತಪ್ಪು ಹುಡುಕಿದ್ದಾರೆ. ಮೇಷ್ಟರ ಬುದ್ಧಿ, ಬಿಡಿಸದ ಲೆಕ್ಕ ಮನೆಯಲ್ಲಿದ್ದರೆ ನಿದ್ದೆ ಬರುವುದಿಲ್ಲ. ನನ್ನನ್ನು ನಿಲ್ಲಿಸಿಕೊಂಡು ಮೊದಲಿನಿಂದ ಹೇಳಿಸಿದರು. ಕಾರ್ಡಿನಲ್ಲಿ ಬರ್ಟಿ ‘ಎ’ ಎಂದು ಮಾತ್ರ ಕಾಣುತ್ತದೆ, ಒಳಗೆ ಅಡಗಿದ್ದು ಕಾಣುವುದಿಲ್ಲ, ಆದ್ದರಿಂದ ಹುಟ್ಟಿದ ಮೇಲೆ ಹೊಕ್ಕಳುಬಳ್ಳಿಯ ರಕ್ತದಿಂದ ಒಂದೊಂದು ಮರಿಯನ್ನೂ ನೋಡಬೇಕು ಎಂದೆ. ‘ಬಿ’ ಮರಿ ನೇರ ತಾಯಿಯ ಹತ್ತಿರ, ‘ಎ’ ಮರಿ ಒಂದು ದಿನ ನನ್ನ ಹತ್ತಿರ. ಮಧ್ಯೆ ಒಂದು ಕಡೆ ‘ಬ’ ಎಂದು ತೊದಲಿದಾಗ “ನೆಟ್ಟಗೆ ನಿಂತು ಹೇಳು” ಎಂದು ಗದರಿದರು. ನೆಟ್ಟಗೆ ನಿಂತೆ.

“ಹೆರಿಗೆ ಈ ಮನೇಲೇ ಆಗ್ಬೇಕು. ನಾನು ನೋಡ್ತಾ ಇರ್ತೀನಿ,” ಎಂದರು. ಒಪ್ಪಿದೆ. ಕಾರು ಹತ್ತಿದವಳು ಐದು ನಿಮಿಷ ಸುಮ್ಮನೆ ಸ್ಟೀರಿಂಗ್ ಹಿಡಿದು ಕೂತೆ. ಎದೆಯ ಮೇಲಿನ ಭಾರ ಅರ್ಧ ಇಳಿದಿತ್ತು.

ಪಾಸಾಗಿದ್ದೇನೆ ಎಂದು ಕಾಲೇಜಿನಿಂದ ಮೇಲ್ ಬಂದು ನಾಲ್ಕು ದಿನವಾಯಿತಂತೆ, ಇವತ್ತು ನೋಡಿದೆ. ಕ್ಲೈವ್‌ಗೆ ಹೇಳಬೇಕು.

ನವೆಂಬರ್ 7, ಮಂಗಳವಾರ

ಮೆಲ್ಬರ್ನ್ ಕಪ್ ಕುದುರೆ ರೇಸು, ರಜೆ. ಎರಡು ದಿನ ಮೊದಲೇ ಎಲ್ಲ ಸಿದ್ಧವಿರಲೆಂದು ಸಾಮಾನು ತೆಗೆದುಕೊಂಡು ಹೋದೆ: ಕಾರ್ಡುಗಳು, ಪುಡಿ ಹಾಲು, ಸಿರಿಂಜು, ಮತ್ತೆ ಕ್ಲೈವ್ ಮೀನು ಹಿಡಿಯಲು ಹೋಗುವಾಗ ಬಿಯರ್ ತಣ್ಣಗಿಡುವ ಡಬ್ಬಿ. ತಂಪನ್ನು ಹಿಡಿದಿಡುವ ಡಬ್ಬಿ ಶಾಖವನ್ನೂ ಹಿಡಿದಿಡುತ್ತದೆ. ಕೆಳಗೆ ಬಿಸಿನೀರಿನ ಚೀಲ, ಮೇಲೆ ಟವೆಲ್, ಮುಚ್ಚಳ ಅರ್ಧ ತೆರೆದರೆ ಮರಿಗಳಿಗೆ ಹೇಳಿ ಮಾಡಿಸಿದಂತಿದೆ.

ಟಿವಿಯಲ್ಲಿ ಕುದುರೆಗಳು ಓಡುತ್ತಿದ್ದಾಗ ಮಿಸೆಸ್ ಪ್ಯಾಸ್ಕೋ ಇದ್ದಕ್ಕಿದ್ದಂತೆ, “ನನಗೊಬ್ಬಳು ತಂಗಿ ಇದಾಳೆ, ನಾರ್ಮಾ” ಎಂದರು. ಗೊತ್ತು, ಊರಿಗೇ ಗೊತ್ತು. ಅಂಗಡಿಯಲ್ಲಿ ಒಬ್ಬರು ಬಿಸ್ಕತ್ತಿನ ಸಾಲಿನಲ್ಲಿದ್ದರೆ ಇನ್ನೊಬ್ಬರು ಸೋಪಿನ ಸಾಲಿಗೆ ತಿರುಗುತ್ತಾರೆ. ಆದರೆ ಕಾರಣ ಯಾರಿಗೂ ಗೊತ್ತಿರಲಿಲ್ಲ.

“ಇಪ್ಪತ್ತಾರು ವರ್ಷದ ಹಿಂದೆ ನಮ್ಮೆಜಮಾನ್ರಿಗೆ ಆಪರೇಷನ್. ಮೆಲ್ಬರ್ನಿಗೆ ಹೋಗುವಾಗ ಬೆಕ್ಕನ್ನ ಅವಳ ಹತ್ರ ಬಿಟ್ಟು ಹೋದೆ. ಹೆಟ್ಟಿಯ ಮುತ್ತಜ್ಜಿಯ ಮುತ್ತಜ್ಜಿ ಅಂತಿಟ್ಕೋ. ಐದು ಮರಿ ಹುಟ್ಟಿ ಐದೂ ಹೋದ್ವು. ನಾನು ಅವಳಿಗೆ…” ಅಲ್ಲಿಗೆ ನಿಲ್ಲಿಸಿದರು. ಕುದುರೆ ಯಾವುದೋ ಗೆದ್ದಿತು. “ನಿನಗೆ ಏನಂದೆನೋ ಅದನ್ನೇ ಅವಳಿಗೂ ಅಂದೆ. ಇನ್ನೂ ಜಾಸ್ತಿ ಅಂದೆ.”

ನಾನು ಡಬ್ಬಿಯೊಳಗಿನ ಟವೆಲನ್ನು ಇನ್ನೊಮ್ಮೆ ಮಡಚಿಟ್ಟೆ. ಅವರು ಟಿವಿ ಆರಿಸಲಿಲ್ಲ.

ನವೆಂಬರ್ 9, ಗುರುವಾರ

ಹತ್ತು ಗಂಟೆಗೆ ಶುರು, ಹನ್ನೆರಡೂವರೆಗೆ ಮುಗಿಯಿತು. ಆರು ಮರಿ.

ಮರಿ ಬಂದ ಕೂಡಲೇ ನಾನು ಬಳ್ಳಿ ಕತ್ತರಿಸಿ ಒಂದು ಹನಿಯನ್ನು ಕಾರ್ಡಿಗೆ ಬಿಡುವುದು, ಲಿಯೆನ್ ಕಾರ್ಡು ಓದುವುದು, ಮಿಸೆಸ್ ಪ್ಯಾಸ್ಕೋ ಕುರ್ಚಿಯಲ್ಲಿ ಕೂತು ಮರಿಯ ಕಾಲಿಗೆ ನೂಲು ಕಟ್ಟುವುದು. ‘ಎ’ ಆದರೆ ಕೆಂಪು ನೂಲು, ‘ಬಿ’ ಆದರೆ ಬಿಳಿ. ಮೊದಲನೆಯದು ‘ಎ’. ಎರಡನೆಯದು ‘ಎ’. ಹೆಟ್ಟಿ ನನ್ನನ್ನು ನೋಡಿ ಕೂಗಿದಳು. ಹಸಿದ ಮರಿಗಳನ್ನು ತಾಯಿಯ ಎದುರಿನಿಂದಲೇ ಎತ್ತಿ ಡಬ್ಬಿಗೆ ಹಾಕುವಾಗ ನಮ್ಮಪ್ಪ ಹಿಂದೆ ನಿಂತು ಬೈಯುತ್ತಿರುವಂತೆ ಅನಿಸಿತು. ಆದರೂ ಎತ್ತಿದೆ.

ಮೂರನೆಯ ಕಾರ್ಡು ನೋಡಿ ಲಿಯೆನ್, “‘ಬಿ’!” ಎಂದು ಕಿರುಚಿದಳು.

“ಬರ್ಟೀಲಿ ಅಡಗಿತ್ತು!” ಎಂದು ಮಿಸೆಸ್ ಪ್ಯಾಸ್ಕೋ ಊರುಗೋಲಿನಿಂದ ನೆಲ ಕುಟ್ಟಿದರು. “ಕಳ್ಳ ನನ್ಮಗ! ಎರಡನೇ ಚೌಕ, ಬ್ರಾನ್ವಿನ್! ಎರಡನೇ ಚೌಕಾನೇ ಸರಿ!”

ಒಟ್ಟು ನಾಲ್ಕು ‘ಎ’, ಎರಡು ‘ಬಿ’. ಚೌಕದ ಪ್ರಕಾರ ಮೂರು ಮೂರಾಗಬೇಕಿತ್ತಲ್ಲ ಎಂದು ಮಿಸೆಸ್ ಪ್ಯಾಸ್ಕೋ ತಗಾದೆ ತೆಗೆದರು. ನಾಣ್ಯ ಆರು ಸಲ ಚಿಮ್ಮಿದರೆ ಮೂರು ಸಲ ತಲೆ ಬೀಳಲೇಬೇಕೆಂದಿಲ್ಲ, ಹುಟ್ಟುವ ಪ್ರತಿ ಮರಿಗೂ ಹೊಸದಾಗಿ ಚಿಮ್ಮಿದ ಹಾಗೆ ಎಂದೆ. “ಹೂಂ, ಒಪ್ಪಿದೆ,” ಎಂದರು. ಬಿಳಿ ನೂಲಿನ ಎರಡು ಹೆಟ್ಟಿಯ ಹೊಟ್ಟೆಗೆ ಅಂಟಿಕೊಂಡವು. ಕೆಂಪು ನೂಲಿನ ನಾಲ್ಕಕ್ಕೆ ಎರಡು ಗಂಟೆಗೊಮ್ಮೆ ಸಿರಿಂಜಿನ ಹಾಲು. ಕ್ಲೈವ್ ಕೂಡ ಬಂದಿದ್ದಾನೆ, ಸರದಿ ಹಾಕಿಕೊಂಡಿದ್ದೇವೆ.

ನವೆಂಬರ್ 10, ಶುಕ್ರವಾರ

ನಾಲ್ಕೂ ಇವೆ. ಪ್ರತಿ ಸಲ ಹತ್ತಿಯಿಂದ ಒರೆಸುವಾಗ ಉಸಿರು ಬಿಗಿಹಿಡಿದು ನೋಡಿದೆ. ತಿಳಿ ಹಳದಿ. ಪ್ರತಿ ಸಲವೂ ತಿಳಿ ಹಳದಿ. ಉಚ್ಚೆ ನೋಡಿ ಇಷ್ಟು ಸಂತೋಷಪಟ್ಟವರು ಜಗತ್ತಿನಲ್ಲಿ ಇನ್ನೊಬ್ಬರಿರಲಾರರು.

ಹನ್ನೆರಡೂವರೆಗೆ ಇಪ್ಪತ್ನಾಲ್ಕು ಗಂಟೆ ತುಂಬಿತು. ಲಿಯೆನ್ ಇನ್ನೂ ಎರಡು ಗಂಟೆ ಇರಲಿ ಎಂದಳು, ಇಟ್ಟೆವು. ಎರಡೂವರೆಗೆ ನಾನೇ ಒಂದೊಂದಾಗಿ ಎತ್ತಿ ಹೆಟ್ಟಿಯ ಮೊಲೆಗೆ ಹಿಡಿದೆ. ನಾಲ್ಕೂ ಗುಟುಕು ಗುಟುಕಾಗಿ ಎಳೆದವು. ಹೆಟ್ಟಿ ನೆಕ್ಕಿ ನೆಕ್ಕಿ ಅವುಗಳಿಂದ ನನ್ನ ವಾಸನೆಯನ್ನೆಲ್ಲ ಅಳಿಸಿಹಾಕಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ನವೆಂಬರ್ 12, ಭಾನುವಾರ

ತೂಕ ನೋಡಲು ಹೋಗಿದ್ದೆ. ಆರೂ ಹೆಚ್ಚಿವೆ. ಇನ್ನು ಅಪಾಯವಿಲ್ಲ ಎಂದೆ. ಮಿಸೆಸ್ ಪ್ಯಾಸ್ಕೋ ಚಹಾ ಕೊಟ್ಟರು. ಆಮೇಲೆ ಗೋಡೆಯ ಫೋನಿನ ಹತ್ತಿರ ಹೋಗಿ, ಪುಸ್ತಕ ನೋಡದೆ ಒಂದು ನಂಬರ್ ಒತ್ತಿದರು. ಆ ಕಡೆ ಗಂಟೆ ಹೊಡೆಯುತ್ತಿದ್ದಂತೆ ರಿಸೀವರನ್ನು ನನ್ನ ಕೈಗೆ ತುರುಕಿದರು.

“ನೀನೇ ಹೇಳು. ನನ್ ಕೈಲಾಗಲ್ಲ.”

“ಹಲೋ, ಯಾರು?” ಗಟ್ಟಿ ದನಿ, ಅಕ್ಕನದೇ ಅಚ್ಚು.

“ನಾನು ಬ್ರಾನ್ವಿನ್ ಅಂತ, ಪಶು ನರ್ಸು. ನಿಮ್ಮಕ್ಕನ ಮನೆಯಿಂದ ಮಾತಾಡ್ತಿದ್ದೀನಿ.”

“ಸತ್ಲಾ?”

“ಅಯ್ಯೋ ಇಲ್ಲ, ಪಕ್ಕದಲ್ಲೇ ನಿಂತಿದಾರೆ.”

“ಹಾಗಾದ್ರೆ ಇಡು ಫೋನು.”

“ಒಂದೇ ಪ್ರಶ್ನೆ, ನಾರ್ಮಾ. ಆ ಐದು ಮರಿ… ಉಚ್ಚೆ ಕೆಂಪಗಿತ್ತಾ?”

“ಟವೆಲೆಲ್ಲ ಕೆಂಪಾಗಿತ್ತು,” ಎಂದರು ನಾರ್ಮಾ. “ನಿನಗೆ ಹೇಗೆ ಗೊತ್ತು?”

ಹೇಳಿದೆ. ‘ಎ’, ‘ಬಿ’, ಗಿಣ್ಣು, ಮೊದಲ ದಿನ, ಎಲ್ಲ. ಆ ಬೆಕ್ಕಿನ ರಕ್ತ ಈಗ ನೋಡಲಾಗುವುದಿಲ್ಲ, ಆದ್ದರಿಂದ ನೂರಕ್ಕೆ ನೂರು ಎಂದು ಹೇಳಲಾರೆ, ಆದರೆ ಅದೇ ಸಂತತಿ, ಅದೇ ಲಕ್ಷಣ, ಬೇರೆ ಕಾರಣ ನನಗೆ ಕಾಣುವುದಿಲ್ಲ ಎಂದೆ.

“ನಾನು ಒಂದೊಂದನ್ನೂ ಎತ್ತಿ ಎತ್ತಿ ಮೊಲೆಗೆ ಹಿಡಿದೆನಮ್ಮ,” ಎಂದರು ಕೊನೆಗೆ. ದನಿ ಸಣ್ಣಗಾಗಿತ್ತು. “ಮೂರು ದಿನ ಉಟ್ಟ ಬಟ್ಟೆ ಬಿಚ್ಚಲಿಲ್ಲ. ಅವಳ ಮರಿಗೆ ಏನೂ ಕಮ್ಮಿ ಆಗ್ಬಾರ್ದು ಅಂತ.”

“ನಾನೂ ಹಿಡಿದೆ,” ಎಂದೆ. “ನನ್ನ ಕೈಯಲ್ಲಿ ನಾಲ್ಕು ಹೋದ್ವು.”

ಅವರು ಅತ್ತರೋ ಏನೋ, ಉಸಿರಿನ ಸದ್ದಷ್ಟೇ ಕೇಳುತ್ತಿತ್ತು. “ಕೊಡು ಅವಳಿಗೆ,” ಎಂದರು. ಮಿಸೆಸ್ ಪ್ಯಾಸ್ಕೋ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಊರುಗೋಲು ಬಿದ್ದದ್ದನ್ನೂ ನೋಡಲಿಲ್ಲ. “ನಾರ್ಮಾ,” ಎಂದರು. “ನೀನಲ್ಲ ಕಣೇ. ನೀನಾಗಿರಲೇ ಇಲ್ಲ.”

ನಾನು ಹಿತ್ತಲ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಅಳು ಬಂತು. ಆಗಸ್ಟಿನಿಂದ ಒಂದು ಸಲವೂ ಅತ್ತಿರಲಿಲ್ಲವೆಂದು ಆಗ ಹೊಳೆಯಿತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ, ಮೂಗೊರೆಸಿಕೊಂಡು ಕಿವಿಗೊಟ್ಟರೆ ಒಳಗೆ ಮಿಸೆಸ್ ಪ್ಯಾಸ್ಕೋ ಕೂಗಾಡುತ್ತಿದ್ದರು: “ಅಮ್ಮನ ನೀಲಿ ಕೇಕ್ ತಟ್ಟೆ ನಿನ್ನ ಹತ್ರಾನೇ ಇರೋದು! ಸುಳ್ಳು ಹೇಳ್ಬೇಡ! ಇಪ್ಪತ್ತಾರು ವರ್ಷದಿಂದ ಹುಡುಕ್ತಿದ್ದೀನಿ ನಾನು!”

ನಲವತ್ತು ನಿಮಿಷ ಆ ಜಗಳ ನಡೆಯಿತು. ಮುಗಿಯುವವರೆಗೂ ಅಲ್ಲೇ ಕೂತು ಕೇಳಿದೆ.